ಹರಿದ್ರೆಯ ಜಾಡಿನಲ್ಲಿ ಒಂದು ದಿನ

ಇಂಗ್ಲೆಂಡಿಗೆ ಹೋಗಿಬಂದ ನಮ್ಮವರು ಬರೆಯುವ ಪ್ರವಾಸಕಥನಗಳಲ್ಲಿ ಒಂದು ಅಧ್ಯಾಯ ತಪ್ಪದೆ ಇರುತ್ತದೆ. ಬೆಳಗ್ಗೆ ಲಂಡನ್ನಿನಿಂದ ಮೋಟಾರಿನಲ್ಲಿ ಹೊರಟು, ಹಸುರು ಬಯಲುಗಳ ನಡುವಣ ಹಳ್ಳಿಗಾಡನ್ನು ಸುತ್ತಿ, ಎಂಟುನೂರು ವರ್ಷದ ಇಗರ್ಜಿಯೊಂದನ್ನೂ, ಹಳೆಯ ಕಲ್ಲುಸೇತುವೆಯೊಂದನ್ನೂ, ಯಾವುದೋ ಯುದ್ಧ ನಡೆದ ಬಯಲನ್ನೂ ನೋಡಿ, ದಾರಿಯಲ್ಲಿ ಚಹಾ ಕುಡಿದು, ಸಂಜೆಗೆ ಹಿಂತಿರುಗಿದ ವೃತ್ತಾಂತವದು. ಓದಿದಾಗ ನಮಗೂ ಹೋಗಬೇಕೆನಿಸುತ್ತದೆ, ತಪ್ಪಲ್ಲ. ಆದರೆ ಆ ಊರುಗಳಿಗೆ ಆ ಸೊಗಸು ಬಂದದ್ದು ಕಟ್ಟಡಗಳಿಂದ ಮಾತ್ರವಲ್ಲ. ಇದನ್ನು ಕಟ್ಟಿದವರು ಯಾರು, ಯಾವ ವರ್ಷದಲ್ಲಿ, ಏತಕ್ಕಾಗಿ ಎಂದು ಆ ಊರಿನ ಜನ ಬಲ್ಲರು, ಬಂದವರಿಗೆ ಹೇಳಬಲ್ಲರು. ಹೇಳುವವರಿದ್ದರೆ ಕಲ್ಲಿಗೂ ಬೆಲೆ ಬರುತ್ತದೆ.

ಎಂಟುನೂರು ವರ್ಷದ ದೇಗುಲ, ಹಳೆಯ ಕಮಾನುಸೇತುವೆ, ಸೈನ್ಯಗಳು ಹಾದುಹೋದ ಕಡವು, ಇವೆಲ್ಲ ಕಡಲಾಚೆಗೆ ಮಾತ್ರ ಮೀಸಲಲ್ಲ. ದಾವಣಗೆರೆಯ ಮನೆಯಿಂದ ಬೆಳಗಿನ ಫಲಾಹಾರ ಮುಗಿಸಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಎಲ್ಲವನ್ನೂ ನೋಡಿಕೊಂಡು ಹಿಂತಿರುಗಬಹುದು. ದಾವಣಗೆರೆಯಿಂದ ಸಂತೆಬೆನ್ನೂರು, ಅಲ್ಲಿಂದ ಸೂಳೆಕೆರೆ, ಕೆರೆಯಿಂದ ಮಲೇಬೆನ್ನೂರಿನ ಮೇಲೆ ಹರಿಹರ, ಹರಿಹರದಿಂದ ಒಂಬತ್ತು ಮೈಲಿ ಬಂದರೆ ಮತ್ತೆ ದಾವಣಗೆರೆ. ಈ ದಾರಿಗೆ ಒಂದು ಸೂತ್ರವೂ ಉಂಟು. ಅದು ಹರಿದ್ರೆ ಎಂಬ ಸಣ್ಣ ಹೊಳೆ. ಸೂಳೆಕೆರೆಯಿಂದ ಹೊರಟು ಬಡಗಣಕ್ಕೆ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುವ ಈ ಹೊಳೆಯ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಸಂಸ್ಕೃತದಲ್ಲಿ ಹರಿದ್ರಾ ಎಂದರೆ ಅರಿಸಿನ. ಅರಿಸಿನದ ಹೆಸರುಳ್ಳ ಈ ಮಂಗಳಕರ ನೀರನ್ನು ಹಿಡಿದು ಹೋಗೋಣ. ನಾಡಿನ ಚರಿತ್ರೆಯ ಒಂದು ಸಾವಿರ ವರ್ಷ ಅದರ ದಂಡೆಯ ಮೇಲೆಯೇ ಸಿಕ್ಕುತ್ತದೆ.

ಹೊರಡುವ ಮೊದಲು ನಮ್ಮ ಊರಿನ ಮಾತು ಎರಡು. ದಾವಣಗೆರೆಯೆಂದೊಡನೆ ಜನಕ್ಕೆ ಹತ್ತಿಯ ಗಿರಣಿ, ದಲಾಲಿ ಅಂಗಡಿ, ಬೆಣ್ಣೆದೋಸೆ, ಖಾರಮಂಡಕ್ಕಿ ನೆನಪಾಗುತ್ತವೆ. ಗಿರಣಿಗಳ ಕೂಗು ಕೇಳಿಬರುತ್ತಿದ್ದ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಆ ಗಿರಣಿಗಳಲ್ಲಿ ಬಹುಪಾಲು ಮುಚ್ಚಿದ ಮೇಲೂ ಬಿರುದು ಉಳಿದಿದೆ. ದನಗಳನ್ನು ಸಾಲಾಗಿ ಕಟ್ಟುವ ದಾವಣಿಗೂ ಕೆರೆಗೂ ಗಂಟುಹಾಕಿ ಊರಿನ ಹೆಸರನ್ನು ಬಿಡಿಸಿ ಹೇಳುವವರುಂಟು. ವಾಸ್ತವದಲ್ಲಿ ಪೇಟೆಯಾಗಿ ಈ ಊರಿನ ವಯಸ್ಸು ಹೆಚ್ಚಿನದಲ್ಲ. ಪಕ್ಕದ ಬೇತೂರು ಇದಕ್ಕಿಂತ ಹಿರಿದಾಗಿತ್ತು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸರ ಅಧಿಕಾರಿಗಳು ಅಲ್ಲಿಂದ ಈ ಸೀಮೆಯನ್ನು ಆಳಿದರು. ಆನೆಕೊಂಡದ ಈಶ್ವರ ದೇಗುಲವನ್ನು ನೋಡಿದರೆ ಚಾಲುಕ್ಯಶೈಲಿಯ ಕೆತ್ತನೆ ಈ ನೆಲಕ್ಕೆ ಹೊಸದಲ್ಲವೆಂದು ತಿಳಿಯುತ್ತದೆ. ಆದರೆ ದಾವಣಗೆರೆ ಮಾತ್ರ ಬೇತೂರಿನ ಮಗ್ಗುಲಲ್ಲಿ ಹೆಸರಿಲ್ಲದ ಹಳ್ಳಿಯಾಗಿತ್ತು. ಹೈದರಾಲಿಯು ಅದನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆಪೋಜಿರಾಮನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಅವನಿಗೆ ಸಂತಾನವಿರಲಿಲ್ಲ, ಅವನು ತೀರಿಕೊಂಡ ಮೇಲೂ ಪೇಟೆ ಬೆಳೆಯಿತು. ೧೮೦೧ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ತನ್ನ ಪ್ರವಾಸಗ್ರಂಥದಲ್ಲಿ ದಾವಣಗೆರೆಯನ್ನೂ ಹರಿಹರವನ್ನೂ ಕಂಡು ಬರೆದಿದ್ದಾನೆ. ನಮ್ಮ ಊರನ್ನು ನೋಡಲು ಅವನು ಅಷ್ಟು ದೂರದಿಂದ ಬಂದನು. ನಾವು ಒಂಬತ್ತು ಮೈಲಿ ಹೋಗಲು ಯೋಚಿಸುತ್ತೇವೆ.

ಬುತ್ತಿಯನ್ನು ಕಟ್ಟಿಕೊಂಡು ಹೊರಡಿರಿ. ಜೋಳದ ರೊಟ್ಟಿ, ಚಟ್ನಿಪುಡಿ, ಮೊಸರನ್ನ ಇದ್ದರೆ ಸಾಕು. ಮೊದಲ ನಿಲುಗಡೆ ಸಂತೆಬೆನ್ನೂರಿನ ಪುಷ್ಕರಣಿ. ಊರೊಳಗೆ ಹೊಕ್ಕು ತಿರುವಿನಲ್ಲಿ ಇಳಿದರೆ ನಾಲ್ಕೂ ಕಡೆಯಿಂದ ಸೋಪಾನಗಳು ನೀರಿಗೆ ಇಳಿದಿರುವ ವಿಶಾಲವಾದ ಕೊಳ ಕಣ್ಣಿಗೆ ಬೀಳುತ್ತದೆ. ನಡುನೀರಿನಲ್ಲಿ ಅಂತಸ್ತು ಅಂತಸ್ತಾಗಿ ಎದ್ದ ವಸಂತಮಂಟಪ, ಸುತ್ತಲೂ ಅಂಚಿನಲ್ಲಿ ಸಣ್ಣ ಮಂಟಪಗಳು. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯ ಪಾಳೆಯಗಾರನಾಗಿದ್ದ ಕೆಂಗ ಹನುಮಪ್ಪನಾಯಕನು ಇದನ್ನು ಕಟ್ಟಿಸಿದನೆಂಬುದು ಪ್ರಸಿದ್ಧವಾಗಿದೆ. ದಡದಲ್ಲಿದ್ದ ರಂಗನಾಥನ ಗುಡಿ ಬಿಜಾಪುರದವರ ದಂಡಯಾತ್ರೆಯಲ್ಲಿ ಹಾಳಾಗಿ, ಹದಿನೇಳನೆಯ ಶತಮಾನದಲ್ಲಿ ಸೇನಾಪತಿ ರಣದುಲ್ಲಾಖಾನನ ಕಾಲದಲ್ಲಿ ಮುಸಾಫಿರಖಾನೆಯೆಂದು ಈಗ ಕರೆಯುವ ಕಟ್ಟಡ ಎದ್ದಿತು. ಒಂದರ ನೆಲದಲ್ಲಿ ಇನ್ನೊಂದು ಎದ್ದ ಈ ಚರಿತ್ರೆ ಸುಖದ್ದೇನೂ ಅಲ್ಲ. ಈಗ ಕಣ್ಣಿಗೆ ಕಾಣುವುದು ಒಂದೇ ನೀರಿನ ದಡದಲ್ಲಿ ನಿಂತ ಎರಡು ಕೈಯ ಕೆಲಸ. ಈ ಮನೆತನದವರೇ ಮುಂದೆ ತರೀಕೆರೆಗೆ ಹೋಗಿ ತರೀಕೆರೆಯ ಪಾಳೆಯಗಾರರೆನಿಸಿದರು. ಹರಿಹರದ ಕೋಟೆಯನ್ನು ಕಟ್ಟಿಸಿದವರೂ ಅವರೇ.

ಸಂತೆಬೆನ್ನೂರಿನಿಂದ ಚನ್ನಗಿರಿಯ ಕಡೆಗೆ ಸಾಗಿದರೆ ಗುಡ್ಡಗಳು ಹತ್ತಿರವಾಗುತ್ತವೆ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಒಂದು ಏರಿ. ಏರಿಯನ್ನು ಹತ್ತಿ ನಿಂತರೆ ಕಣ್ಣು ಹಾಯುವಷ್ಟೂ ನೀರು. ಇದೇ ಸೂಳೆಕೆರೆ, ಈಗಿನ ಹೆಸರು ಶಾಂತಿಸಾಗರ. ಇದರ ಅಂಚಿನ ಸುತ್ತಳತೆ ನಲವತ್ತು ಮೈಲಿಯೆಂದು ಹಳೆಯ ಗೆಜೆಟಿಯರುಗಳು ಬರೆಯುತ್ತವೆ. ಹನ್ನೊಂದು ಹನ್ನೆರಡನೆಯ ಶತಮಾನದ ಕೆಲಸವೆಂದು ತಿಳಿದವರು ಎಣಿಸುತ್ತಾರೆ. ಇಲ್ಲಿ ಬೆರಗಾಗಬೇಕಾದದ್ದು ನೀರಿನ ವಿಸ್ತಾರಕ್ಕಿಂತ ಏರಿಯ ಚಿಕ್ಕತನಕ್ಕೆ. ಬೇರೆ ಕೆರೆಗಳಿಗೆ ಮೈಲಿಗಟ್ಟಲೆ ಏರಿ ಹಾಕಬೇಕು. ಇಲ್ಲಿ ಕಟ್ಟಿದವನು ನಾಡಿನ ನೆಲವನ್ನು ನೋಡಿ, ಗುಡ್ಡಗಳೆರಡು ಕೈ ಚಾಚಿ ನಿಂತಿರುವ ಒಂದೇ ಸ್ಥಳವನ್ನು ಹುಡುಕಿ, ಆ ಕಂಡಿಯನ್ನು ಮಾತ್ರ ಮುಚ್ಚಿದನು. ಅಷ್ಟು ನೀರಿನ ಒತ್ತಡವನ್ನು ಅಷ್ಟು ಕಿರಿದಾದ ಕಟ್ಟೆ ಹೊತ್ತು ನಿಲ್ಲಬೇಕಾದರೆ ಅದು ಎಷ್ಟು ದಪ್ಪವಾಗಿರಬೇಕು, ಕಲ್ಲನ್ನೂ ಮಣ್ಣನ್ನೂ ಹೇಗೆ ಹೊಂದಿಸಿರಬೇಕು! ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು. ಎಂಜಿನಿಯರರ ಕಾಲೇಜು ನಮ್ಮ ದೇಶಕ್ಕೆ ಬರುವುದಕ್ಕೆ ಏಳುನೂರು ವರ್ಷ ಮೊದಲು ನಡೆದ ಕೆಲಸವಿದು.

ಕೆರೆಯ ಹೆಸರನ್ನು ಮಕ್ಕಳ ಮುಂದೆ ಹೇಳಲು ಅನೇಕರು ಅಳುಕುತ್ತಾರೆ. ಆದಕಾರಣ ಅದರ ವಿಷಯವಾಗಿ ನಾಲ್ಕು ಮಾತು ಬಿಡಿಸಿ ಹೇಳುವುದು ಅವಶ್ಯ. ಜನ ಹೇಳುವ ಕಥೆ ಹೀಗಿದೆ: ಸ್ವರ್ಗಾವತಿಯೆಂಬ ಪಟ್ಟಣದ ಅರಸು ವಿಕ್ರಮರಾಯ, ಅವನ ಮಗಳು ಶಾಂತವ್ವೆ. ಆಕೆ ಕೆರೆ ಕಟ್ಟಿಸಲು ಮನಸ್ಸು ಮಾಡಿದಾಗ ಮುಳುಗಡೆಯಾಗುವ ನೆಲ ಸೂಳೆಯರ ಕೇರಿಯದಾಗಿತ್ತು. ಕೊಡಿರೆಂದು ಆಕೆ ಅವರನ್ನು ಕೇಳಿಕೊಂಡಳು. ಕೆರೆಗೆ ತಮ್ಮ ಹೆಸರಿಡುವುದಾದರೆ ಕೊಡುತ್ತೇವೆಂದು ಅವರು ಹೇಳಿದರು. ಅರಸುಮಗಳು ಒಪ್ಪಿದಳು. ಇದು ಶಾಸನದ ಮಾತಲ್ಲ, ಐತಿಹ್ಯ. ಆದರೂ ಐತಿಹ್ಯಕ್ಕೆ ತನ್ನದೇ ಆದ ನ್ಯಾಯವುಂಟು. ಅರಸುಮಗಳು ತನ್ನ ಹೆಸರನ್ನು ಬಿಟ್ಟುಕೊಟ್ಟಳು. ಊರು ಕಡೆಗಣಿಸಿದ ಹೆಂಗಸರು ತಮ್ಮ ಮನೆಗಳನ್ನು ಬಿಟ್ಟುಕೊಟ್ಟರು. ನೀರು ಮಾತ್ರ ಎಲ್ಲರ ಗದ್ದೆಗೂ ಹೋಯಿತು.

ಸೂಳೆಯೆಂಬ ಶಬ್ದ ಇಂದಿನ ಬೈಗುಳವಾದದ್ದು ಬಹಳ ಹಿಂದಿನ ಮಾತಲ್ಲ. ನಮ್ಮ ಹಳಗನ್ನಡ ಶಾಸನಗಳನ್ನು ಓದಿದವರಿಗೆ ಗೊತ್ತು: ದೇವಾಲಯದ ಸೇವೆಯಲ್ಲಿ ಹಾಡಿ ಕುಣಿಯುತ್ತಿದ್ದ ಹೆಂಗಸರನ್ನು ಆ ಶಬ್ದದಿಂದಲೇ ಕರೆದಿದ್ದಾರೆ, ಅವರಿಗೆ ಭೂಮಿ ಬಿಟ್ಟ, ಅವರೇ ದತ್ತಿ ಬಿಟ್ಟ ದಾಖಲೆಗಳಿವೆ. ಶಬ್ದ ಕೀಳಾದದ್ದು ಸಮಾಜ ಅವರನ್ನು ಕೀಳಾಗಿ ಕಂಡದ್ದರಿಂದ. ಶಾಂತಿಸಾಗರವೆಂಬ ಹೊಸ ಹೆಸರು ಕಿವಿಗೆ ಇಂಪಾಗಿದೆ. ಶಾಂತವ್ವೆಯ ನೆನಪನ್ನೂ ಅದು ತರುತ್ತದೆ. ಆದರೆ ಹಳೆಯ ಹೆಸರನ್ನು ನಾಚಿಕೆಯಿಂದ ಅಳಿಸಿಬಿಟ್ಟರೆ ನೆಲ ಕೊಟ್ಟವರ ಷರತ್ತನ್ನು ನಾವು ಮುರಿದಂತಾಗುತ್ತದೆ. ಮಕ್ಕಳು ಕೇಳಿದರೆ ಕಥೆಯನ್ನು ಪೂರ್ತಿಯಾಗಿ ಹೇಳಿರಿ. ಪೂರ್ತಿಯಾಗಿ ಹೇಳಿದ ಮೇಲೆ ಆ ಹೆಸರಿನಲ್ಲಿ ನಾಚುವಂಥದು ಏನೂ ಉಳಿಯುವುದಿಲ್ಲ.

ಏರಿಯ ಮೇಲೆ ಬುತ್ತಿಯನ್ನು ಬಿಚ್ಚಿ ಉಂಡು, ಮಲೇಬೆನ್ನೂರಿನ ದಾರಿ ಹಿಡಿಯಿರಿ. ಒಂದು ಕಾಲಕ್ಕೆ ಜೋಳ, ಹತ್ತಿ ಬೆಳೆಯುತ್ತಿದ್ದ ಸೀಮೆಯಲ್ಲಿ ಈಗ ಎತ್ತ ನೋಡಿದರೂ ಬತ್ತದ ಗದ್ದೆ, ಅಡಕೆಯ ತೋಟ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಾದ ಮೇಲೆ, ೧೯೬೦ರ ದಶಕದಿಂದ ಈಚೆಗೆ, ನಾಲೆಯ ನೀರು ಈ ನಾಡಿನ ಬಣ್ಣವನ್ನೇ ಬದಲಿಸಿತು. ದೊಡ್ಡ ನಾಲೆ ಬಂದಾಗ ಸಣ್ಣ ಹೊಳೆ ಮರೆತುಹೋಗುವುದು ಲೋಕರೂಢಿ. ಹರಿದ್ರೆಗೂ ಹಾಗೆಯೇ ಆಯಿತು. ಸೇತುವೆಯ ಮೇಲೆ ಮೋಟಾರು ಹಾಯುವಾಗ ಕೆಳಗೆ ಜೊಂಡು ಬೆಳೆದ ಹಳ್ಳವೊಂದು ಕಾಣುತ್ತದೆ. ಅದಕ್ಕೊಂದು ಹೆಸರಿದೆಯೆಂದು ಕೂಡ ತೋರುವುದಿಲ್ಲ.

ಆರುನೂರು ವರ್ಷದ ಕೆಳಗೆ ಹರಿಹರದವರು ಹೀಗೆ ಭಾವಿಸಿರಲಿಲ್ಲ. ವಿಜಯನಗರದ ಒಂದನೆಯ ದೇವರಾಯನ ಕಾಲದಲ್ಲಿ, ೧೪೧೦ರಲ್ಲಿ, ಇದೇ ಹರಿದ್ರೆಗೆ ಒಂದು ಕಟ್ಟೆಯನ್ನು ಹಾಕಿ, ಹರಿಹರದೇವರ ಭೂಮಿಯೊಳಗಾಗಿ ಕಾಲುವೆ ತೆಗೆದರು. ಕೈಯಿಂದ ಹಣ ಹಾಕಿ ಕೆಲಸ ಮಾಡಿಸಿದ ಬ್ರಾಹ್ಮಣರಿಗೆ ಎಷ್ಟು, ದೇವರಿಗೆ ಎಷ್ಟು ಎಂದು ನೀರುಣ್ಣುವ ನೆಲವನ್ನು ಪಾಲುಮಾಡಿ, ಆ ಒಪ್ಪಂದವನ್ನು ಕಲ್ಲಿನಲ್ಲಿ ಬರೆಸಿದರು. ಕೆಲವು ವರ್ಷಗಳಲ್ಲಿ ಕಟ್ಟೆ ಒಡೆಯಿತು. ಒಡೆದ ಕಟ್ಟೆಯನ್ನು ೧೪೨೪ರಲ್ಲಿ ಮತ್ತೆ ಕಟ್ಟಿದರು. ಅದನ್ನೂ ಕಲ್ಲಿನಲ್ಲಿ ಬರೆಸಿದರು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಗೆದ್ದ ಯುದ್ಧಗಳಿಗೆ ಪುಟಗಳಿರುತ್ತವೆ; ರಿಪೇರಿಯಾದ ಕಟ್ಟೆಗೆ ಒಂದು ಸಾಲೂ ಇರುವುದಿಲ್ಲ. ಆದರೆ ಹದಿನಾಲ್ಕು ವರ್ಷದ ಅಂತರದ ಈ ಎರಡು ಶಾಸನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹಳೆಯವರ ಸ್ವಭಾವ ತಿಳಿಯುತ್ತದೆ. ಹೊಸದಾಗಿ ಕಟ್ಟುವುದು ಎಷ್ಟು ಪುಣ್ಯವೋ ಕೆಟ್ಟದ್ದನ್ನು ಸರಿಮಾಡುವುದೂ ಅಷ್ಟೇ ಪುಣ್ಯವೆಂದು ಅವರು ನಂಬಿದ್ದರು.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಹರಿಹರ. ತುಂಗಭದ್ರೆ ಹರಿದ್ರೆಗಳು ಕೂಡುವುದರಿಂದ ಈ ಸ್ಥಳಕ್ಕೆ ಪೂರ್ವದಲ್ಲಿ ಕೂಡಲೂರೆಂದು ಹೆಸರಿತ್ತು. ಊರು ಬಹಳ ಹಳೆಯದು. ಬಾದಾಮಿಯ ಚಾಲುಕ್ಯ ವಿನಯಾದಿತ್ಯನು ಕ್ರಿ.ಶ. ೬೯೪ರಲ್ಲಿ ಬರೆಸಿದ ತಾಮ್ರಶಾಸನವೊಂದು ಇಲ್ಲಿ ದೊರೆತಿದೆ. ಸ್ಥಳಪುರಾಣವು ಇನ್ನೂ ಹಿಂದಕ್ಕೆ ಹೋಗುತ್ತದೆ. ಗುಹಾಸುರನೆಂಬ ರಾಕ್ಷಸನು ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದು ಈ ಗುಹಾರಣ್ಯದಲ್ಲಿ ಮೆರೆಯುತ್ತಿದ್ದನು. ಅವನ ಸೀಮೆಗೆ ಪೂರ್ವಕ್ಕೆ ಉಚ್ಚಂಗಿದುರ್ಗ, ಉತ್ತರಕ್ಕೆ ಐರಣಿ, ದಕ್ಷಿಣಕ್ಕೆ ಗೋವಿನಕೋವಿ ಎಲ್ಲೆಗಳಂತೆ. ಮೂರು ಊರೂ ಇಂದಿಗೂ ಇವೆ. ಹರಿ ಬಂದರೂ ಸಾಯನು, ಹರ ಬಂದರೂ ಸಾಯನು. ಆಗ ಇಬ್ಬರೂ ಒಂದೇ ಮೂರ್ತಿಯಾಗಿ ಬಂದು ಅವನನ್ನು ಕೊಂದರು. ಬೇರೆಬೇರೆಯಾಗಿದ್ದಾಗ ಇಬ್ಬರಿಗೂ ಆಗದ ಕೆಲಸ ಕೂಡಿದಾಗ ಆಯಿತು ಎಂಬುದೇ ಕಥೆಯ ತಿರುಳು.

ಗರ್ಭಗುಡಿಯ ಮೂರ್ತಿಯನ್ನು ನಿಧಾನವಾಗಿ ನೋಡಿರಿ. ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ಒಂದೇ ಶರೀರ, ಒಂದೇ ನಿಲುವು. ಬಲದ ಕೈಗಳಲ್ಲಿ ಶಿವನ ಲಾಂಛನ, ಎಡದ ಕೈಗಳಲ್ಲಿ ವಿಷ್ಣುವಿನ ಲಾಂಛನ. ಈ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. ಆರನೆಯ ಶತಮಾನದ ಬಾದಾಮಿಯ ಗುಹೆಯಲ್ಲಿಯೇ ಹರಿಹರಮೂರ್ತಿಯನ್ನು ಕೆತ್ತಿದ್ದಾರೆ. ಆದರೆ ಅಲ್ಲಿ ಗೋಡೆಯ ಒಂದು ಶಿಲ್ಪವಾಗಿರುವ ದೇವರು ಇಲ್ಲಿ ಇಡೀ ದೇಗುಲಕ್ಕೆ, ಇಡೀ ಊರಿಗೆ ಒಡೆಯನಾಗಿದ್ದಾನೆ. ಈ ಗುಡಿಯನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಪೋಲಾಳ್ವ ದಂಡನಾಥ. ಕಾಲ ೧೨೨೪ರ ಸುಮಾರು.

ಆ ಕಾಲವೆಂಥದು? ಹಿಂದಿನ ಶತಮಾನದಲ್ಲಿ ಮೇಲುಕೋಟೆಯಲ್ಲಿ ರಾಮಾನುಜರು, ಕಲ್ಯಾಣದಲ್ಲಿ ಬಸವಣ್ಣನವರು ಜನರ ಮನಸ್ಸನ್ನು ಕಲಕಿದ್ದರು. ಜೈನ, ಶೈವ, ವೈಷ್ಣವ ಪಂಥಗಳು ಒಂದೇ ಊರಿನ ಬೀದಿಗಳಲ್ಲಿ ಎದುರುಬದುರಾಗಿದ್ದವು. ಮತದ ಜಗಳ ಮಾತಿನಿಂದ ಕೈಗೂ, ಕೈಯಿಂದ ಕತ್ತಿಗೂ ಹೋಗುತ್ತಿದ್ದುದುಂಟು. ಮುಂದೆ ೧೩೬೮ರಲ್ಲಿ ವಿಜಯನಗರದ ಬುಕ್ಕರಾಯನು ಜೈನರ ಮತ್ತು ಶ್ರೀವೈಷ್ಣವರ ಕೈಹಿಡಿಸಿ ರಾಜಿ ಮಾಡಿಸಿದ್ದನ್ನು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಪೋಲಾಳ್ವನು ಅದಕ್ಕೆ ನೂರನಲವತ್ತು ವರ್ಷ ಮುಂಚೆ, ನ್ಯಾಯ ಹೇಳುವ ಬದಲು, ಜಗಳವಾಡುವವರಿಬ್ಬರೂ ಕೈಮುಗಿಯಲೇಬೇಕಾದ ಒಂದು ಮೂರ್ತಿಗೆ ಮನೆ ಕಟ್ಟಿದನು. ಶೈವನು ಅರ್ಧ ದೇವರಿಗೆ ನಮಸ್ಕರಿಸಿ ಬರುವಂತಿಲ್ಲ, ವೈಷ್ಣವನೂ ಅಷ್ಟೆ.

ಕನ್ನಡದ ವಿದ್ಯಾರ್ಥಿಗಳಿಗೆ ಪೋಲಾಳ್ವನು ಇನ್ನೊಂದು ಕಾರಣದಿಂದಲೂ ಬೇಕಾದವನು. ಇವನು ಕವಿ. ಹರಿಚರಿತ್ರೆಯೆಂಬ ಕಾವ್ಯದ ಕರ್ತೃವೆಂದು ನಮ್ಮ ಸಾಹಿತ್ಯ ಚರಿತ್ರೆಗಳು ಇವನನ್ನು ಎಣಿಸುತ್ತವೆ. ಆದರೆ ಕಾವ್ಯವು ನಮ್ಮ ಕೈಗೆ ಬಂದಿಲ್ಲ. ಹೆಸರು ಮಾತ್ರ ಉಳಿದಿದೆ. ಕಲ್ಲಿನಲ್ಲಿ ಕಟ್ಟಿಸಿದ್ದು ಎಂಟುನೂರು ವರ್ಷ ನಿಂತಿತು. ಓಲೆಯಲ್ಲಿ ಬರೆದದ್ದು ಹುಳುವಿಗೋ ಬೆಂಕಿಗೋ ಹೋಯಿತು. ಇಂಥ ಎಷ್ಟು ಓಲೆಗಳು ನಮ್ಮ ಹಳೆಯ ಮನೆಗಳ ಅಟ್ಟದ ಮೇಲೆ ಹಾಳಾದವೋ! ಇಂದಿಗೂ ನಿಮ್ಮ ಬಂಧುಗಳ ಮನೆಯಲ್ಲಿ ಕೆಂಪುಬಟ್ಟೆಯ ಗಂಟೊಂದು ಇದ್ದರೆ, ಅದನ್ನು ಹೊಳೆಗೆ ಬಿಡುವುದಕ್ಕೆ ಮುಂಚೆ ಓದಬಲ್ಲವರಿಗೆ ಒಮ್ಮೆ ತೋರಿಸಿರಿ.

ಗರ್ಭಗುಡಿಯಿಂದ ಹೊರಗೆ ಬಂದು ಮುಖಮಂಟಪದಲ್ಲಿ ಕುಳಿತುಕೊಳ್ಳಿರಿ. ಬೇಲೂರು ಹಳೆಬೀಡುಗಳಂತೆ ಹೊರಗೋಡೆಯಲ್ಲಿ ಆನೆ, ಕುದುರೆ, ಮದನಿಕೆಯರ ಸಂದಣಿ ಇಲ್ಲಿಲ್ಲ. ಮಂಟಪ ತೆರೆದದ್ದು, ಸುತ್ತಲೂ ಕುಳ್ಳುಗೋಡೆ, ಅದರ ಮೇಲೆ ಗಿಡ್ಡ ಕಂಬಗಳು, ಒಳಗೆ ತಿರುಗಣಿಯಲ್ಲಿ ಕಡೆದು ನುಣುಪಾಗಿಸಿದ ಎತ್ತರದ ಕಂಬಗಳ ಸಾಲು, ತಲೆಯ ಮೇಲೆ ಪದ್ಮಗಳನ್ನು ಬಿಡಿಸಿದ ಚಾವಣಿ. ಗಾಳಿ ಬೆಳಕುಗಳು ನಾಲ್ಕೂ ಕಡೆಯಿಂದ ಬರುತ್ತವೆ. ಅಲಂಕಾರವನ್ನು ತಡೆದು ಅಂದವನ್ನು ಸಾಧಿಸಿದ ಕೆಲಸವಿದು. ಮುಮ್ಮಡಿ ನರಸಿಂಹನ ಕಾಲದಲ್ಲಿ, ೧೨೬೮ರಲ್ಲಿ, ಸೋಮ ದಂಡನಾಯಕನು ಈ ಗುಡಿಗೆ ಕೆಲವು ಸೇರ್ಪಡೆಗಳನ್ನು ಮಾಡಿಸಿದನು. ಕಾವೇರಿಯ ದಡದಲ್ಲಿ ತನ್ನ ಹೆಸರಿನ ಸೋಮನಾಥಪುರವನ್ನು ನಿರ್ಮಿಸಿ, ಅಲ್ಲಿ ೧೨೫೮ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠಿಸಿದ ಸೋಮನು ಇವನೇ.

ಈ ಸೇನಾಪತಿಗಳ ಮಾತಿಗೆ ಇನ್ನೊಂದು ಸ್ವಾರಸ್ಯವುಂಟು. ಹರಿಹರವು ಆಗ ಗಡಿಯೂರು. ತೆಂಕಲು ಹೊಯ್ಸಳರು, ಬಡಗಲು ದೇವಗಿರಿಯ ಸೇವುಣರು. ಇಬ್ಬರೂ ಕನ್ನಡದಲ್ಲಿ ಶಾಸನ ಬರೆಸಿದವರು, ಇಬ್ಬರೂ ತುಂಗಭದ್ರೆಯ ದಡಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದವರು. ೧೨೭೬ರಲ್ಲಿ ಸೇವುಣರ ಸೇನಾಪತಿ ಸಾಳುವ ತಿಕ್ಕಮನು ದೋರಸಮುದ್ರದ ಮೇಲೆಯೇ ದಂಡೆತ್ತಿಹೋದನು. ಆ ದಂಡಯಾತ್ರೆಯ ಪ್ರತಾಪವನ್ನು ಹೇಳುವ ಶಾಸನ ಎಲ್ಲಿದೆಯೆಂದು ಬಲ್ಲಿರಾ? ಇದೇ ಹರಿಹರದಲ್ಲಿ. ಹೊಯ್ಸಳ ದಂಡನಾಥನು ಕಟ್ಟಿಸಿದ ದೇವರ ಊರಿನಲ್ಲಿ ಹೊಯ್ಸಳರ ಶತ್ರುವೂ ಭಕ್ತಿಯಿಂದ ಸೇವೆ ಸಲ್ಲಿಸಿದನು. ಗಡಿ ಆಚೆಗೂ ಈಚೆಗೂ ಸರಿಯುತ್ತಿತ್ತು, ದೇವರು ಸರಿಯಲಿಲ್ಲ. ಪ್ರಾಕಾರದಲ್ಲಿ ನಿಂತಿರುವ ಎತ್ತರದ ಶಾಸನಕಲ್ಲುಗಳನ್ನು ಬಿಸಿಲಿಗೆ ಬೆನ್ನುಕೊಟ್ಟು ಒಂದು ಗಳಿಗೆ ನೋಡಿರಿ. ೧೮೬೫ರಲ್ಲಿ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರ ತೆಗೆದನು. ಲೂಯಿ ರೈಸನು ಅವನ್ನು ಓದಿ ಅನುವಾದಿಸಿ ೧೮೭೯ರಲ್ಲಿ ಪ್ರಕಟಿಸಿದನು. ಮುಂದೆ ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟ ೧೯೦೩ರಲ್ಲಿ ಹೊರಬಂದಿತು. ಹೊರಗಿನವರು ಇಷ್ಟು ಶ್ರಮಪಟ್ಟು ಓದಿದ ಅಕ್ಷರಗಳು ನಮ್ಮವೇ. ಹಳಗನ್ನಡದ ಲಿಪಿ ಮೊದಲ ನೋಟಕ್ಕೆ ಒಗಟಿನಂತೆ ಕಂಡರೂ ನಾಲ್ಕು ಅಕ್ಷರ ಹಿಡಿತಕ್ಕೆ ಸಿಕ್ಕರೆ ಐದನೆಯದು ತಾನಾಗಿ ಬರುತ್ತದೆ. ಹೈಸ್ಕೂಲಿನ ಹುಡುಗರು ಇದರಲ್ಲಿ ದೊಡ್ಡವರಿಗಿಂತ ಚುರುಕು.

ವಿಜಯನಗರ ಅಳಿದ ಮೇಲೆ ಹರಿಹರದ ಕೋಟೆ ಕೈಯಿಂದ ಕೈಗೆ ಹೋಯಿತು: ತರೀಕೆರೆಯವರು, ಸವಣೂರಿನ ನವಾಬ, ಬಿದನೂರಿನ ಅರಸರು, ಮರಾಠರು; ೧೭೬೩ರಲ್ಲಿ ಹೈದರಾಲಿ; ಆ ಬಳಿಕವೂ ಮರಾಠರು ಮತ್ತೆ ಮತ್ತೆ ಅದನ್ನು ಹಿಡಿದರು. ಈ ಗಲಾಟೆಯ ಕೊನೆಯ ಅಂಕದಲ್ಲಿ ಇಬ್ಬರನ್ನು ಹೆಸರಿಸಬೇಕು. ಒಬ್ಬನು ಧೋಂಡಿಯ ವಾಘ್. ನಾವು ಬೆಳಗ್ಗೆ ಯಾವ ದಿಕ್ಕಿಗೆ ಹೋಗಿದ್ದೆವೋ ಆ ಚನ್ನಗಿರಿಯಲ್ಲಿ ಹುಟ್ಟಿದವನು. ಟಿಪ್ಪುವಿನ ಸೆರೆಯಲ್ಲಿದ್ದು, ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಚದರಿದ ಸಿಪಾಯಿಗಳನ್ನು ಕೂಡಿಸಿಕೊಂಡು, ಎರಡು ಲೋಕಗಳಿಗೂ ತಾನೇ ಒಡೆಯನೆಂದು ಸಾರಿಕೊಂಡನು. ಇನ್ನೊಬ್ಬನು ಅವನನ್ನು ಬೆನ್ನಟ್ಟಿ ಬಂದ ಇಂಗ್ಲಿಷರ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ೧೮೦೦ರ ಜೂನ್ ತಿಂಗಳಲ್ಲಿ ವೆಲ್ಲೆಸ್ಲಿಯ ದಂಡು ಹರಿಹರಕ್ಕೆ ಬಂದಾಗ ತುಂಗಭದ್ರೆಗೆ ಸೇತುವೆ ಇರಲಿಲ್ಲ. ಮುಂಗಾರಿನ ಹೊಳೆಯನ್ನು ದಂಡು ದಾಟಿ, ಐರಣಿಯನ್ನು ಹಿಡಿದು, ಜೂನ್ ೨೭ರಂದು ರಾಣೆಬೆನ್ನೂರಿನ ಕೋಟೆಗೆ ಲಗ್ಗೆಯಿಟ್ಟಿತು. ಧೋಂಡಿಯನು ಸೆಪ್ಟೆಂಬರ್ ೧೦ರಂದು ಕೋಣಗಲ್ಲಿನಲ್ಲಿ ಹತನಾದನು. ಅವನ ಪಾಳೆಯದಲ್ಲಿ ಸಿಕ್ಕಿದ ಎಳೆಯ ಮಗನಾದ ಸಲಾಬತ್ ಖಾನನನ್ನು ವೆಲ್ಲೆಸ್ಲಿಯು ತನ್ನ ಆಶ್ರಯಕ್ಕೆ ತೆಗೆದುಕೊಂಡು, ಊರಿಗೆ ಮರಳುವಾಗ ಅವನ ಪೋಷಣೆಗೆ ಹಣವನ್ನಿಟ್ಟು ಹೋದನು. ಈ ಕರ್ನಲನೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿ ೧೮೧೫ರಲ್ಲಿ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದನು. ಲಂಡನ್ನಿಗೆ ಹೋದವರು ಅವನಿದ್ದ ಆಪ್ಸ್ಲಿ ಹೌಸನ್ನು ಟಿಕೀಟು ಕೊಂಡು ನೋಡಿಬರುತ್ತಾರೆ. ಅವನು ಮಳೆಯಲ್ಲಿ ನಿಂತು ಹೊಳೆ ನೋಡಿದ ದಡ ನಮ್ಮ ಪಕ್ಕದ ಊರಿನಲ್ಲಿದೆ.

ಸಂಜೆಯ ಹೊತ್ತಿಗೆ ಹಳೆಯ ಸೇತುವೆಯ ಬಳಿಗೆ ಬನ್ನಿರಿ. ೧೮೬೫ರವರೆಗೆ ಊರಾಚೆ ಇಂಗ್ಲಿಷರ ಒಂದು ರೆಜಿಮೆಂಟು ನೆಲಸಿತ್ತು. ಅದು ಹೋದ ಮೂರು ವರ್ಷಕ್ಕೆ, ೧೮೬೮ರಲ್ಲಿ, ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ಕಲ್ಲು ಇಟ್ಟಿಗೆಗಳ ಈ ಸೇತುವೆ ಪೂರ್ತಿಯಾಯಿತು. ಅರುವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳು. ಖರ್ಚು ಮೂರು ಲಕ್ಷ ರೂಪ���ಯಿಗೆ ಸಮೀಪ. ೧೮೮೯ರಲ್ಲಿ ಬೆಂಗಳೂರಿನ ರೈಲು ಹರಿಹರವನ್ನು ಮುಟ್ಟಿತು. ಅಲ್ಲಿಂದ ಮುಂದೆ ಈ ಊರಿಗೆ ಕಾರ್ಖಾನೆಗಳ ಕಾಲ. ಯಂತ್ರಗಳನ್ನು ಮಾಡುವ ಮೈಸೂರು ಕಿರ್ಲೋಸ್ಕರ್ ೧೯೪೧ರಲ್ಲಿ ಆರಂಭವಾಗಿ, ಎರಡು ತಲೆಮಾರುಗಳಿಗೆ ಅನ್ನವನ್ನೂ ಕೈಕಸಬನ್ನೂ ಕೊಟ್ಟು, ಈ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿಹೋಯಿತು.

ಸೇತುವೆಯ ಈ ತುದಿಯಿಂದ ಆ ತುದಿಗೆ ನೋಡುವಾಗ ಇಂದಿನ ಹುಡುಗರಿಗೆ ಹೊಳೆಯದ ಒಂದು ಸಂಗತಿಯನ್ನು ಹಿರಿಯರು ಹೇಳಬೇಕು. ಈ ದಂಡೆ ಮೈಸೂರು ಸಂಸ್ಥಾನ. ಆ ದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಎರಡು ಕಡೆಯೂ ಅದೇ ಕನ್ನಡ, ಅದೇ ಜೋಳ, ಬೀಗತನವೂ ನಡೆಯುತ್ತಿತ್ತು. ಆದರೆ ಕಂದಾಯ ಬೇರೆ, ಕಾಯಿದೆ ಬೇರೆ, ಶಾಲೆಯ ಪುಸ್ತಕ ಬೇರೆ. ಆ ದಡದ ಹುಡುಗನಿಗೆ ರಾಜಧಾನಿ ಮುಂಬಯಿ. ಕಚೇರಿಯ ವ್ಯವಹಾರದಲ್ಲಿ ಮರಾಠಿಯ ಪ್ರಾಬಲ್ಯವನ್ನು ಕಂಡು ಆ ಕಡೆಯ ಹಿರಿಯರು ಕನ್ನಡಕ್ಕಾಗಿ ಸಂಘ ಕಟ್ಟಿ ದುಡಿದರು. ಈ ಕಡೆಯಲ್ಲಿ ಸಂಸ್ಥಾನದ ಸೌಖ್ಯಕ್ಕೆ ಒಗ್ಗಿದ ಕೆಲವರಿಗೆ ಏಕೀಕರಣ ಬೇಕೋ ಬೇಡವೋ ಎಂಬ ಅನುಮಾನವೂ ಇತ್ತು. ಕೊನೆಗೆ ೧೯೫೬ರ ನವೆಂಬರ್ ೧ರಂದು ಎರಡು ದಡಗಳೂ ಒಂದೇ ರಾಜ್ಯವಾದವು. ೧೯೭೩ರ ಅದೇ ದಿನ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಎಂಬತ್ತೆಂಟು ವರ್ಷ ಮೊದಲೇ ಕಟ್ಟಿದ್ದ ಸೇತುವೆ ಅಂದು ನಾಡಿನ ಒಳಗಿನ ಸೇತುವೆಯಾಯಿತು. ಹರಿಹರನ ಊರಿಗೆ ಇದಕ್ಕಿಂತ ಒಪ್ಪುವ ಘಟನೆ ಇನ್ನೇನಿದೆ? ೧೯೯೭ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಆಚೆಯ ದಡದ ರಾಣೆಬೆನ್ನೂರು ಹಾವೇರಿ ಜಿಲ್ಲೆಗೆ ಸೇರಿತು. ನಡುವೆ ಈಗಲೂ ಒಂದು ಎಲ್ಲೆಯಿದೆ. ಆದರೆ ಅದು ಯಾರನ್ನೂ ಬೇರೆ ಮಾಡುವುದಿಲ್ಲ.

ನೀರಿನ ಕಡೆಗೂ ಕಣ್ಣು ಹಾಯಿಸಿರಿ. ತುಂಗಭದ್ರೆಯ ನೀರು ಕಾರ್ಖಾನೆಗಳ ಕಲ್ಮಷದಿಂದ ಕೆಡುತ್ತಿದೆಯೆಂದು ೧೯೮೦ರ ದಶಕದಲ್ಲಿ ಈ ಭಾಗದ ಜನ ಹೋರಾಡಿದ್ದುಂಟು. ಊರುಗಳ ಕೊಳಚೆ, ಹೊಳೆಗೆ ಎಸೆಯುವ ಬಟ್ಟೆ, ಪ್ಲಾಸ್ಟಿಕ್ಕು, ಹರಿದ್ರೆಯನ್ನು ಕಟ್ಟಿದ ಹೂಳು, ಇವುಗಳಿಗೆ ನಾವು ಬೇರೆ ಯಾರನ್ನೂ ದೂರುವಂತಿಲ್ಲ. ಬೆಳಗ್ಗೆ ಸೂಳೆಕೆರೆಯ ಏರಿಯ ಮೇಲೆ ನಿಂತಾಗ ಕಂಡ ನೀರಿಗೂ ಸಂಜೆ ಕೂಡಲಿನಲ್ಲಿ ಕಂಡ ನೀರಿಗೂ ಇರುವ ಅಂತರವನ್ನು ನಿಮ್ಮ ಮಕ್ಕಳೇ ಕೇಳುತ್ತಾರೆ. ೧೪೨೪ರಲ್ಲಿ ಒಡೆದ ಕಟ್ಟೆಯನ್ನು ಮತ್ತೆ ಕಟ್ಟಿದವರ ಊರಿನಲ್ಲಿ ನಿಂತು ಆ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ.

ಹಿಂತಿರುಗುವ ದಾರಿಯಲ್ಲಿ ಬಾತಿಯ ಗುಡ್ಡ ಮಸುಕಾಗಿ ಕಾಣುವ ಹೊತ್ತಿಗೆ ದಾವಣಗೆರೆಯ ದೀಪಗಳು ಹತ್ತಿರುತ್ತವೆ. ವಿ. ಸೀತಾರಾಮಯ್ಯನವರು ಪಂಪಾಯಾತ್ರೆಯನ್ನು ಬರೆದು, ನಮ್ಮ ನಾಡಿನಲ್ಲಿಯೇ ನಡೆದು ನೋಡಿ ಬರೆಯಬಹುದೆಂದು ತೋರಿಸಿ ಬಹಳ ಕಾಲವಾಯಿತು. ಹರಿದ್ರೆಯ ದಡಕ್ಕೆ ಅಂಥ ಪುಸ್ತಕ ಇನ್ನೂ ಬರಬೇಕಾಗಿದೆ. ಬರೆಯುವವರು ಬರುವವರೆಗೆ ನೋಡಿಬರುವವರಾದರೂ ಬೇಕು. ಮಳೆಗಾಲ ಕಳೆದು ಕೆರೆ ತುಂಬಿರುವ ಕಾರ್ತಿಕ ಮಾಸ ಇದಕ್ಕೆ ತಕ್ಕ ಕಾಲ. ಮುಂದಿನ ರಜೆಯ ದಿನ ಮನೆಯ ಮಕ್ಕಳನ್ನೂ, ಬರಲೊಪ್ಪಿದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿಬನ್ನಿರಿ. ಹೋಗುವ ಮುನ್ನ ಮಕ್ಕಳಿಗೆ ಮೂರು ಹೆಸರನ್ನು ಕಲಿಸಿರಿ: ಶಾಂತವ್ವೆ, ಪೋಲಾಳ್ವ, ಹರಿದ್ರೆ. ಉಳಿದದ್ದನ್ನು ಅವರು ಅಲ್ಲಿಯೇ ಕೇಳಿ ತಿಳಿದುಕೊಳ್ಳುತ್ತಾರೆ.